ಚಾರ್ಜಿಂಗ್ ಪೋರ್ಟ್‌ನ ಮುಚ್ಚಳ ರೂಪಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲು, ಆಗುಂಬೆ ಕಡೆಯ ಆಷಾಢದ ಮಳೆ, ಕಾರವಾರ-ಮಂಗಳೂರಿನ ಉಪ್ಪು ಗಾಳಿ. ಈ ಮೂರನ್ನೂ ತಾಳುವ ಮುಚ್ಚಳ ನೋಡಲು ಅಂಗೈಯಷ್ಟು ರಬ್ಬರ್ ತುಂಡು, ಆದರೆ ಅದನ್ನು ಸರಿಯಾಗಿ ಮಾಡುವುದು ಸುಲಭವಲ್ಲ. ಎಲೆಕ್ಟ್ರಿಕ್ ಕಾರು, ಸ್ಕೂಟರುಗಳಿಗೆ ಇಂಥ ಮುಚ್ಚಳ, ಹೊದಿಕೆ ಮಾಡಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಗಾಡಿಯ ಜೊತೆಗೇ ಮುಚ್ಚಳ ಬರುತ್ತದೆ. ಇನ್ನೊಂದು ಯಾಕೆ ಬೇಕು?

ಬಹಳಷ್ಟು ಗಾಡಿಗಳಿಗೆ ಬೇಕಿಲ್ಲ. ಬೇಕಾಗುವುದು ಮೂರು ಸಂದರ್ಭದಲ್ಲಿ. ಒಂದು, ಮೂಲ ಮುಚ್ಚಳದ ಪಟ್ಟಿ ಹರಿದು ಅದು ಎಲ್ಲೋ ಬಿದ್ದುಹೋದಾಗ. ಎರಡು, ಹೊರಗಿನ ಬಾಗಿಲಿದ್ದರೂ ಒಳಗಿನ ಪಿನ್ನುಗಳಿಗೆ ಬೇರೆ ಕ್ಯಾಪ್ ಇಲ್ಲದೆ ಧೂಳು ಕೂರುವಾಗ. ಮೂರು, ಗನ್ (ಚಾರ್ಜರಿನ ಕೇಬಲ್ ತುದಿಯ ಪ್ಲಗ್) ಚುಚ್ಚಿದ ಮೇಲೆ. ಚಾರ್ಜ್ ಆಗುವಾಗ ಬಾಗಿಲು ತೆರೆದೇ ಇರುತ್ತದೆ, ಮುಚ್ಚಳ ಪಕ್ಕದಲ್ಲಿ ನೇತಾಡುತ್ತಿರುತ್ತದೆ, ಮಳೆ ಸುರಿದರೆ ಅದರ ಒಳಮೈಯೇ ಮೊದಲು ನೆನೆಯುತ್ತದೆ. ನೆನೆದ ಮುಚ್ಚಳವನ್ನು ಹಾಗೆಯೇ ಒತ್ತಿ ಮುಚ್ಚಿದರೆ ನೀರನ್ನು ನಾವೇ ಒಳಗಿಟ್ಟು ಬೀಗ ಹಾಕಿದಂತೆ.

ಈ ಮೂರಕ್ಕೂ ಒಂದೇ ವಸ್ತು ಮಾಡಲು ಹೋಗಬೇಡಿ. ಮೊದಲೆರಡು ಕ್ಯಾಪ್‌ನ ಕೆಲಸ, ಮೂರನೆಯದು ಹೊದಿಕೆಯ ಕೆಲಸ.

ಯಾವ ಪೋರ್ಟಿನ ಅಳತೆ ಹಿಡಿಯಬೇಕು?

ಭಾರತದ ಕಾರುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಸಿಸಿಎಸ್-2, ಅಂದರೆ ಎಸಿ, ಡಿಸಿ ಎರಡೂ ಚಾರ್ಜಿಂಗ್ ಒಂದೇ ಕಡೆ ಇರುವ ಪೋರ್ಟ್. ಮೇಲ್ಭಾಗ ಎಸಿ ಚಾರ್ಜಿಂಗ್‌ನ ಟೈಪ್-2 ಕನೆಕ್ಟರಿನ 7 ಸಂಪರ್ಕಗಳ ಜಾಗ, ಕೆಳಗೆ ಡಿಸಿಯ ಎರಡು ದಪ್ಪ ಪಿನ್ನು. ಮೇಲಿನ ಪವರ್ ಪಿನ್ನುಗಳ ವ್ಯಾಸ 6 ಮಿ.ಮೀ., ಸಿಗ್ನಲ್ ಪಿನ್ನು 3 ಮಿ.ಮೀ., ಡಿಸಿ ಪಿನ್ನು 8 ಮಿ.ಮೀ. ಮನೆಯಲ್ಲಿ ಎಸಿ ಗನ್ ಚುಚ್ಚಿದಾಗ ಕೆಳಗಿನ ಡಿಸಿ ಭಾಗ ಖಾಲಿ ಇರುತ್ತದೆ, ಅದು ಮುಚ್ಚಿಕೊಂಡೇ ಇರಬೇಕು. ಹಾಗಾಗಿ ಸಿಸಿಎಸ್-2ಕ್ಕೆ ಇಡೀ ಮುಖ ಮುಚ್ಚುವ ಒಂದೇ ಕ್ಯಾಪ್ ಮಾಡುವುದು ತಪ್ಪು. ಮೇಲಕ್ಕೊಂದು, ಕೆಳಕ್ಕೊಂದು, ಎರಡಕ್ಕೂ ಬೇರೆ ಬೇರೆ ಪಟ್ಟಿ ಇರಲಿ.

ಸ್ಕೂಟರುಗಳ ವಿಷಯ ಇನ್ನೂ ಚದುರಿದೆ. ಹಗುರ ಗಾಡಿಗಳ ಡಿಸಿ ಚಾರ್ಜಿಂಗ್‌ಗೆ ಐಎಸ್ 17017 ಎಂಬ ಭಾರತೀಯ ಮಾನದಂಡದ ಭಾಗ 2, ವಿಭಾಗ 6ರ ಕನೆಕ್ಟರ್ ಇದೆ. ಬೆಂಗಳೂರಿನ ಸ್ಕೂಟರ್ ಕಂಪನಿ ಏಥರ್ ರೂಪಿಸಿದ, ಎಸಿ-ಡಿಸಿ ಎರಡೂ ಒಂದರಲ್ಲೇ ಸೇರಿದ ಕನೆಕ್ಟರ್ 2023ರಲ್ಲಿ ಅದೇ ಮಾನದಂಡದ ವಿಭಾಗ 7 ಆಯಿತು. ಇವುಗಳ ಹೊರತಾಗಿ ಕಂಪನಿಗೊಂದು ಆಕಾರದ ಸಾಕೆಟ್ಟುಗಳಿವೆ.

ಮಾನದಂಡದ ನಕ್ಷೆ ಪಿನ್ನುಗಳ ಜಾಗವನ್ನು ಹೇಳುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಗೋಡೆ, ಬಾಗಿಲು, ತಿರುಪುಗಳ ಜಾಗ ಗಾಡಿಯಿಂದ ಗಾಡಿಗೆ ಬೇರೆ. ಅದಕ್ಕೇ ಗಾಡಿಯ ಮೇಲೇ ಅಳೆಯಬೇಕು: ವರ್ನಿಯರ್ ಕ್ಯಾಲಿಪರ್ ಹಿಡಿದು ಪೋರ್ಟಿನ ಹೊರ ಅಂಚು, ಅಂಚಿನ ಎತ್ತರ, ಅಂಚಿನಿಂದ ಮುಚ್ಚಿದ ಬಾಗಿಲಿನ ಒಳಮೈವರೆಗಿನ ಅಂತರ. ಈ ಕೊನೆಯ ಅಂತರ ತಿಳಿಯಲು ಹಿಟ್ಟಿನಂಥ ಮಾಡೆಲಿಂಗ್ ಕ್ಲೇಯ ಉಂಡೆಯನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಚಿನ ಮೇಲಿಟ್ಟು ಬಾಗಿಲು ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗೆ ಸಿಗುವ ಜಾಗ. ಅದರಲ್ಲಿ 1.5 ಮಿ.ಮೀ. ಕಳೆದು ಕ್ಯಾಪ್‌ನ ಎತ್ತರ ನಿಗದಿ ಮಾಡಿ. ಅಳೆಯುವಾಗ ಲೋಹದ ಕ್ಯಾಲಿಪರ್ ಪಿನ್ನುಗಳ ಕಡೆ ಹೋಗದಿರಲಿ, ಒಳಗಿನ ಅಳತೆಗೆ ಪ್ಲಾಸ್ಟಿಕ್‌ನದು ಬಳಸಿ.

ಗಾಳಿಯೂ ಆಡದಂತೆ ಬಿಗಿಯಾಗಿ ಮುಚ್ಚಿದರೆ ನೀರಿನ ಸಮಸ್ಯೆಯೇ ಇರುವುದಿಲ್ಲ ಅಲ್ಲವೇ?

ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮಧ್ಯಾಹ್ನ ಬಿಸಿಲಲ್ಲಿ ನಿಂತ ಸ್ಕೂಟರ್. ಕಪ್ಪು ಕ್ಯಾಪ್‌ನ ಒಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂದುಕೊಳ್ಳಿ. ಬಿಸಿಯಾದ ಗಾಳಿ ಹಿಗ್ಗಿ ರಬ್ಬರಿನ ತುಟಿಯನ್ನು (ಪೋರ್ಟಿನ ಅಂಚಿಗೆ ಒತ್ತಿ ಕೂರುವ ಕ್ಯಾಪ್‌ನ ತೆಳು ಅಂಚು) ಎತ್ತಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗಿಬಿಟ್ಟಿರುತ್ತದೆ. ಸಂಜೆ ನಾಲ್ಕಕ್ಕೆ ಮಳೆ ಸುರಿಯಿತು, ಕ್ಯಾಪ್ ಕೆಲವೇ ನಿಮಿಷದಲ್ಲಿ 25 ಡಿಗ್ರಿಗೆ ಇಳಿಯಿತು. ಒಳಗೆ ಉಳಿದ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು, ಅಂದರೆ 10 ಕಿಲೋಪ್ಯಾಸ್ಕಲ್‌ನಷ್ಟು ಕುಸಿಯುತ್ತದೆ. ಇದು ಸುಮಾರು ಒಂದು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ತುಟಿಯ ಸುತ್ತ ಮಳೆನೀರು ಕಟ್ಟಿ ನಿಂತಿದೆ, ಒಳಗಿನಿಂದ ಎಳೆತವಿದೆ. ಕೂದಲೆಳೆಯಷ್ಟು ಸಂದಿದ್ದರೂ ನೀರು ಒಳಕ್ಕೆ ಹೀರಿಕೊಳ್ಳುತ್ತದೆ. ಮತ್ತೆ ಬಿಸಿಲು ಬಂದಾಗ ಗಾಳಿ ಹೊರಗೆ ಹೋಗುತ್ತದೆ, ನೀರು ಒಳಗೇ ಉಳಿಯುತ್ತದೆ, ಆವಿಯಾಗಿ ರಾತ್ರಿ ಪಿನ್ನಿನ ಮೇಲೆ ಬೆವರಿನಂತೆ ಕೂರುತ್ತದೆ. ಹೀಗೆ ದಿನಕ್ಕೊಂದು ಹನಿ ಸೇರಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಬಿಗಿ ಮುಚ್ಚಳದ ಕೆಳಗೆ ಕಿಲುಬು ಹಿಡಿದಿರುತ್ತದೆ.

ಮಲೆನಾಡಿನ ಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಗೋಡೆಗೆ ಮಳೆ ತಾಗದಂತೆ ಸೂರು ಮುಂದಕ್ಕೆ ಚಾಚಿರುತ್ತದೆ, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿರುತ್ತದೆ. ಮುಚ್ಚಳವೂ ಹಾಗೇ ಇರಬೇಕು. ಮೇಲೆ ಮತ್ತು ಎರಡು ಬದಿಯಲ್ಲಿ ತುಟಿ ಪೂರ್ತಿ ಕೂರಲಿ. ಕೆಳಗೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ, 6ರಿಂದ 8 ಮಿ.ಮೀ. ಅಗಲ ತುಟಿ ಕತ್ತರಿಸಿರಲಿ. ಆ ಸಂದಿಗೆ ಹೊರಗಿನಿಂದ ನೇರವಾಗಿ ನೀರು ಚಿಮ್ಮದಂತೆ ಮುಂದೆ ಇನ್ನೊಂದು ಗೋಡೆ ಇಳಿಬಿಡಿ. ನೀರು ಹೊರಗೆ ಬರಲು ಎರಡು ತಿರುವು ಇರಬೇಕು.

ಮೇಲ್ಮುಖವಾಗಿರುವ ಪೋರ್ಟಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಕೆಳಗೆ ಎಂಬುದೇ ಇಲ್ಲ. ಅದಕ್ಕೆ ನೀರು ನಿಲ್ಲದಂತೆ ಉಬ್ಬಿದ ತಲೆ, ಅಂಚಿನ ಹೊರಗೆ 5 ಮಿ.ಮೀ. ಆದರೂ ಇಳಿಯುವ ಗೋಡೆ, ಜೊತೆಗೆ ಗಾಳಿ ಬಿಟ್ಟು ನೀರು ತಡೆಯುವ ಪಿಟಿಎಫ್ಇ ಪೊರೆಯ ಸಣ್ಣ ಬಿಲ್ಲೆ ಬೇಕು. ಬಿಲ್ಲೆಯನ್ನು ತಲೆಯ ಮೇಲೆ ಅಂಟಿಸಬೇಡಿ. ಅಲ್ಲಿ ನೀರು, ಮಣ್ಣು ಕೂತರೆ ಪೊರೆ ಉಸಿರಾಡುವುದಿಲ್ಲ. ಬದಿಯ ಗೋಡೆಯಲ್ಲಿ, ಮರೆಯಲ್ಲಿರಲಿ.

ನೀರಿಳಿಯಲು 2 ಮಿ.ಮೀ. ತೂತು ಇಟ್ಟಿದ್ದೇವೆ, ಆದರೂ ನೀರು ನಿಲ್ಲುತ್ತದೆ. ಏಕೆ?

ನೀರಿನ ಮೇಲ್ಮೈ ಬಿಗಿತದಿಂದ. ಇಷ್ಟು ಸಣ್ಣ ತೂತಿಗೆ ಹನಿಯೇ ಬಿರಡೆಯಾಗಿಬಿಡುತ್ತದೆ. 5 ಮಿ.ಮೀ.ಗಿಂತ ಕಡಿಮೆ ಇಡಬೇಡಿ. ದೊಡ್ಡ ದುಂಡು ತೂತಿಗೆ ಜಾಗವಿಲ್ಲದಿದ್ದರೆ 3 × 8 ಮಿ.ಮೀ.ನ ಉದ್ದ ಸೀಳು ಮಾಡಿ, ಅದರ ಒಂದು ಅಂಚನ್ನು ಇನ್ನೊಂದಕ್ಕಿಂತ 1.5 ಮಿ.ಮೀ. ಕೆಳಗಿಳಿಸಿ. ಹನಿ ಆ ತುದಿ ಹಿಡಿದು ಬೀಳುತ್ತದೆ. ಇನ್ನೊಂದು ಮಾತು: ಸಿಸಿಎಸ್-2 ಪೋರ್ಟಿನ ತಳದಲ್ಲೇ ನೀರು ಹೋಗುವ ತೂತುಗಳಿರುತ್ತವೆ. ನಿಮ್ಮ ಕ್ಯಾಪ್‌ನ ಯಾವ ಭಾಗವೂ ಅದನ್ನು ಮುಚ್ಚುವಂತಿಲ್ಲ.

ಯಾವ ರಬ್ಬರ್ ಒಳ್ಳೆಯದು?

ಕಾಯಂ ಹೊರಗೇ ಇರುವ ಕ್ಯಾಪ್‌ಗೆ ಇಪಿಡಿಎಂ ಎಂಬ ಕೃತಕ ರಬ್ಬರ್ ನಮ್ಮ ಮೊದಲ ಆಯ್ಕೆ. ಬಿಸಿಲು, ಓಝೋನ್, ನೀರು ಮೂರನ್ನೂ ತಾಳುತ್ತದೆ, ಬೆಲೆಯೂ ಸಾಧಾರಣ. ಎಣ್ಣೆ, ಪೆಟ್ರೋಲಿಯಂ ಗ್ರೀಸ್ ತಾಗಿದರೆ ಮಾತ್ರ ಊದಿಕೊಳ್ಳುತ್ತದೆ. ಸಿಲಿಕೋನ್ ಬಿಸಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ, ಒತ್ತಿದ ಆಕಾರದಲ್ಲೇ ಉಳಿದುಬಿಡುವ ದೋಷ ಕಡಿಮೆ, ಬೆಂಕಿ ತಡೆಯ ಯುಎಲ್-94 ವಿ-0 ದರ್ಜೆಯೂ ಸಿಗುತ್ತದೆ. ಆದರೆ ಒಂದು ಕಡೆ ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತಾ ಹೋಗುತ್ತದೆ. ನೇತಾಡುವ ಪಟ್ಟಿಗೆ ಸಿಲಿಕೋನ್ ಹಾಕುವುದಾದರೆ ಒಂದೂ ಚೂಪು ಮೂಲೆ ಇರಬಾರದು.

ನೈಟ್ರೈಲ್ ರಬ್ಬರ್ ಬೇಡ. ಎಣ್ಣೆಯ ಜಾಗಕ್ಕೆ ಅದು ಸರಿ, ಬಿಸಿಲು-ಓಝೋನಿಗೆ ಎಳೆದ ಜಾಗದಲ್ಲೆಲ್ಲ ಸೀಳು ಬಿಡುತ್ತದೆ. ಮಾರುಕಟ್ಟೆಯ ಅಗ್ಗದ ಪಿವಿಸಿ ಕ್ಯಾಪ್ ಬಿಸಿಲಲ್ಲಿ ಮೆದುಕಾರಕ ಕಳೆದುಕೊಂಡು ಹಪ್ಪಳದಂತಾಗುತ್ತದೆ.

ಗಟ್ಟಿ ಪ್ಲಾಸ್ಟಿಕ್ ಹೊರಕವಚ ಬೇಕಿದ್ದರೆ ಎಬಿಎಸ್ ಬದಲು ಎಎಸ್ಎ ಕೇಳಿ, ಎಬಿಎಸ್ ಹೊರಗಿಟ್ಟರೆ ಹಳದಿಯಾಗಿ ಪೆಡಸಾಗುತ್ತದೆ. ಪಾಲಿಪ್ರೊಪಿಲಿನ್ ಆದರೆ 2ರಿಂದ 2.5 ಶೇಕಡಾ ಕಾರ್ಬನ್ ಬ್ಲ್ಯಾಕ್ ಸೇರಿದ ಕಪ್ಪು ಬಣ್ಣ ಅಗ್ಗದ, ನಂಬಬಹುದಾದ ಬಿಸಿಲು ರಕ್ಷಣೆ.

ತುಟಿಯ ದಪ್ಪ, ಒತ್ತಡ ಎಷ್ಟಿರಬೇಕು?

ಕ್ಯಾಪ್‌ನ ಮೈಗೆ ಶೋರ್-ಎ (ರಬ್ಬರಿನ ಗಡಸುತನದ ಅಳತೆ) 55ರಿಂದ 60, ತುಟಿಗೂ ಅದೇ ರಬ್ಬರಾದರೆ ದಪ್ಪ 0.8ರಿಂದ 1.2 ಮಿ.ಮೀ. ಅಂಚಿನ ಮೇಲೆ ಚಪ್ಪಟೆ ವಾಷರಿನಂತೆ ಕೂರುವ ವಿನ್ಯಾಸವಾದರೆ ರಬ್ಬರ್ ತನ್ನ ದಪ್ಪದ 20-30 ಶೇಕಡಾ ಅದುಮಬೇಕು. 3 ಮಿ.ಮೀ. ವಾಷರ್ ಸುಮಾರು 2.2ಕ್ಕೆ ಬರಬೇಕು ಅಂತ ಲೆಕ್ಕ. ಅದಕ್ಕಿಂತ ಹೆಚ್ಚು ಅದುಮಿದರೆ ವರ್ಷದೊಳಗೆ ರಬ್ಬರ್ ಅದೇ ಆಕಾರದಲ್ಲಿ ಸತ್ತುಹೋಗುತ್ತದೆ, ಜೊತೆಗೆ ಮುಚ್ಚಳ ತೆಗೆಯಲು ಉಗುರು ಕಿತ್ತುಬರುವಷ್ಟು ಎಳೆಯಬೇಕಾಗುತ್ತದೆ. ವಯಸ್ಸಾದವರು ಒಂದು ಕೈಯಲ್ಲಿ ತೆಗೆಯಲಾರದ ಮುಚ್ಚಳವನ್ನು ಯಾರೂ ಎರಡನೇ ತಿಂಗಳು ಮುಚ್ಚುವುದಿಲ್ಲ. ಬೆರಳು ಹಿಡಿಯಲು ಕನಿಷ್ಠ 12 ಮಿ.ಮೀ. ಕಿವಿ ಬಿಡಿ.

ಒಳಭಾಗದಲ್ಲಿ ಪಿನ್ನುಗಳ ಕಡೆಗೆ ಕಡ್ಡಿಯಂತೆ ಚಾಚುವ ಆಕಾರಗಳನ್ನು ಕೊಡಬೇಡಿ. ಪಿನ್ ತೂತಿನೊಳಗೆ ಹೋಗುವ ರಬ್ಬರ್ ಮುರಿದು ಅಲ್ಲೇ ಉಳಿದರೆ ಅದನ್ನು ತೆಗೆಯುವುದು ಸರ್ವಿಸ್ ಸೆಂಟರಿನ ಕೆಲಸವಾಗುತ್ತದೆ.

ಪಟ್ಟಿ ಮತ್ತೆ ಮತ್ತೆ ಹರಿಯುತ್ತದೆ. ಎಲ್ಲಿ ತಪ್ಪು?

ಪಟ್ಟಿ ಕ್ಯಾಪ್‌ಗೆ ಕೂಡುವ ಮೂಲೆಯಲ್ಲಿ. ಅಲ್ಲಿ ಕನಿಷ್ಠ 2 ಮಿ.ಮೀ. ತ್ರಿಜ್ಯದ ದುಂಡು ಕೊಡಿ. ಪಟ್ಟಿ 8-10 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪ ಇರಲಿ. ಉದ್ದ ಎಷ್ಟೆಂದರೆ ಗನ್ ಚುಚ್ಚಿದಾಗ ಕ್ಯಾಪ್ ಗನ್ನಿಗೆ ತಾಗದೆ ಪಕ್ಕಕ್ಕೆ ಹೋಗಬೇಕು, ಆದರೆ ಬಾಗಿಲ ಕೀಲಿನ ನಡುವೆ ಸಿಕ್ಕುವಷ್ಟು ಸಡಿಲ ಇರಬಾರದು. ಸಿಸಿಎಸ್-2ರ ಡಿಸಿ ಕ್ಯಾಪ್‌ಗಳು ಹಾಳಾಗುವುದು ಹೆಚ್ಚಾಗಿ ಹೀಗೆ ಬಾಗಿಲಿಗೆ ಸಿಕ್ಕಿ.

ಪಟ್ಟಿ ಬದಲು ಪಾಲಿಪ್ರೊಪಿಲಿನ್‌ನ ತೆಳು ಮಡಿಕೆಯನ್ನೇ ಕೀಲಾಗಿ ಮಾಡುವುದಾದರೆ ದಪ್ಪ 0.25ರಿಂದ 0.4 ಮಿ.ಮೀ. ಇರಲಿ. ಅಚ್ಚಿನಲ್ಲಿ ಪ್ಲಾಸ್ಟಿಕ್ ಹರಿವು ಮಡಿಕೆಯನ್ನು ಅಡ್ಡ ದಾಟಬೇಕು. ಎರಡು ಕಡೆಯಿಂದ ಬಂದ ಹರಿವು ಮಡಿಕೆಯ ಮೇಲೆಯೇ ಕೂಡಿದರೆ ಆ ಗೆರೆಯಲ್ಲೇ ಒಡೆಯುತ್ತದೆ. ಅಚ್ಚಿನಿಂದ ಬಿಸಿಯಾಗಿ ಹೊರಬಂದ ಕೂಡಲೇ ಎರಡು ಮೂರು ಸಲ ಮಡಚಿ ಬಿಡಿಸಬೇಕು. ಈ ಸಣ್ಣ ಕೆಲಸ ಬಿಟ್ಟರೆ ಕೀಲಿನ ಆಯುಷ್ಯ ಬಹಳ ಕುಗ್ಗುತ್ತದೆ.

ದಿನಕ್ಕೊಮ್ಮೆ ಚಾರ್ಜ್ ಎಂದರೂ ಎಂಟು ವರ್ಷಕ್ಕೆ ಸುಮಾರು 3,000 ಸಲ ತೆರೆದು ಮುಚ್ಚಬೇಕು. ಪೋರ್ಟಿನ ಪರೀಕ್ಷೆಯೇ 10,000 ಸಲ ಚುಚ್ಚಿ ತೆಗೆಯುವುದು. ಮುಚ್ಚಳವೂ ಅಷ್ಟು ತಾಳುವಂತೆ ಗುರಿ ಇಟ್ಟುಕೊಳ್ಳಿ.

ಪೋರ್ಟ್ ಬರೀ ತೇವವಾದರೆ ಚಾರ್ಜಿಂಗ್ ನಿಲ್ಲುವುದೇಕೆ?

ಟೈಪ್-2ರಲ್ಲಿ ಕಂಟ್ರೋಲ್ ಪೈಲಟ್ ಎಂಬ ಸಣ್ಣ ಪಿನ್ ಇದೆ. ಚಾರ್ಜರ್ ಅದರ ಮೇಲೆ +12 ಮತ್ತು -12 ವೋಲ್ಟ್ ನಡುವೆ ಸೆಕೆಂಡಿಗೆ 1,000 ಸಲ ಏರಿಳಿಯುವ ಸಂಕೇತ ಕಳಿಸುತ್ತದೆ. ಗಾಡಿ ಸಿದ್ಧವಾದಾಗ ಮೇಲಿನ ಮಟ್ಟ 6 ವೋಲ್ಟಿಗೆ ಇಳಿಯುತ್ತದೆ, ಕೆಳಗಿನದು -12ರಲ್ಲೇ ಇರಬೇಕು, ಗಾಡಿಯೊಳಗಿನ ಡಯೋಡ್ ಹಾಗೆ ನೋಡಿಕೊಳ್ಳುತ್ತದೆ. ಈಗ ಪೈಲಟ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಕೆಸರು ನೀರಿನ ಪದರ ಕೂತು 10 ಕಿಲೋಓಮ್ ದಾರಿ ಮಾಡಿಕೊಟ್ಟಿತು ಎಂದುಕೊಳ್ಳಿ. ಚಾರ್ಜರಿನ ಒಳಗಿನ ರೋಧ 1 ಕಿಲೋಓಮ್. -12 ಇರಬೇಕಾದದ್ದು -10.9ಕ್ಕೆ ಬರುತ್ತದೆ. ಎದುರಿಗಿರುವುದು ಸರಿಯಾದ ಗಾಡಿಯಲ್ಲ ಎಂದು ಚಾರ್ಜರ್ ನಿಲ್ಲಿಸಬಹುದು. ಅದು ಚಾರ್ಜರಿನ ದೋಷವಲ್ಲ, ಅದರ ಕರ್ತವ್ಯ.

ಡಿಸಿ ಕಡೆಯಲ್ಲಿ ಇನ್ನೂ ಗಂಭೀರ. ಗಾಡಿಯ ಹೈವೋಲ್ಟೇಜ್ ಭಾಗಕ್ಕೂ ದೇಹಕ್ಕೂ ನಡುವಿನ ಇನ್ಸುಲೇಷನ್ ಡಿಸಿಗೆ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್ ಇರಬೇಕು. 400 ವೋಲ್ಟ್ ಗಾಡಿಗೆ ಅದು 40 ಕಿಲೋಓಮ್. ಶುದ್ಧ ಮಳೆನೀರಿಗಿಂತ ಉಪ್ಪು, ಗೊಬ್ಬರ, ಸೋಪಿನ ಅಂಶ ಇರುವ ನೀರು ವಿದ್ಯುತ್ತನ್ನು ಬಹಳ ಸಲೀಸಾಗಿ ಹರಿಸುತ್ತದೆ. ಹಾಗಾಗಿ ಮುಚ್ಚಳಕ್ಕೆ ಧೂಳು ತಡೆಯುವ ಕೆಲಸವೂ ನೀರು ತಡೆಯುವಷ್ಟೇ ಮುಖ್ಯ. ಧೂಳು ಕೂತ ಜಾಗವೇ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮಳೆಯಲ್ಲಿ ಚಾರ್ಜ್ ಮಾಡುವಾಗ ಗನ್ ಮೇಲೆ ಹೊದಿಕೆ ಹೇಗೆ ಮಾಡಬೇಕು?

ಗನ್ ಪೋರ್ಟಿನಲ್ಲಿ ಪೂರ್ತಿ ಕೂತಾಗ ಆ ಜೋಡಿ ಐಪಿ44 (ಧೂಳು, ನೀರು ತಡೆಯುವ ಸಾಮರ್ಥ್ಯದ ದರ್ಜೆ) ಮಟ್ಟದ ಎರಚಲು ತಾಳುವಂತೆಯೇ ಮಾಡಿರುತ್ತಾರೆ. ಹೊದಿಕೆಯ ಕೆಲಸ ಚುಚ್ಚುವ ಮತ್ತು ಕೀಳುವ ಆ ಕ್ಷಣಗಳಲ್ಲಿ, ತೆರೆದ ಬಾಗಿಲ ಒಳಗೆ, ನೇತಾಡುವ ಕ್ಯಾಪ್‌ನ ಮೇಲೆ ಮಳೆ ಬೀಳದಂತೆ ನೋಡಿಕೊಳ್ಳುವುದು. ಅಂದರೆ ಅದೊಂದು ಸೂರು, ಚೀಲವಲ್ಲ.

ಬಟ್ಟೆ 420 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್, ಒಳಗೆ ಪಾಲಿಯುರೇಥೇನ್ (ಪಿಯು) ಲೇಪ. ಹೊಲಿಗೆಯ ಸೂಜಿ ತೂತುಗಳಲ್ಲೇ ನೀರು ಇಳಿಯುವುದು, ಆದ್ದರಿಂದ ಮೇಲ್ಭಾಗದಲ್ಲಿ ಹೊಲಿಗೆಯೇ ಬರದಂತೆ ಕತ್ತರಿಸಿ, ಬದಿಯ ಹೊಲಿಗೆಗೆ ಸೀಮ್ ಟೇಪ್ ಅಂಟಿಸಿ. ಚಾರ್ಜಿಂಗ್ ದೀಪ ಕಾಣಲು ಪಾರದರ್ಶಕ ಕಿಟಕಿ ಇಡಿ. ಕೆಳಭಾಗ ಪೂರ್ತಿ ತೆರೆದಿರಲಿ.

ತೆರೆದಿಡುವುದಕ್ಕೆ ಬಿಸಿಯೂ ಕಾರಣ. ಸಂಪರ್ಕದ ರೋಧ 0.1 ಮಿಲಿಓಮ್ ಇದ್ದರೆ 200 ಆಂಪಿಯರ್ ಹರಿಯುವಾಗ ಒಂದೊಂದು ಪಿನ್ನಿನಲ್ಲೂ 4 ವ್ಯಾಟ್ ಶಾಖ. ಪಿನ್ ಸವೆದು ರೋಧ 0.5 ಆದರೆ ಅದು 20 ವ್ಯಾಟ್. ಗನ್ನಿನ ಹಿಡಿಕೆಗೆ ಹೊದಿಕೆ ಬಿಗಿದು ಕಟ್ಟಿದರೆ ಈ ಶಾಖ ಹೋಗಲು ಜಾಗವಿಲ್ಲದೆ ಉಷ್ಣತೆಯ ಸೆನ್ಸರ್ ಚಾರ್ಜಿಂಗ್ ವೇಗ ಇಳಿಸುತ್ತದೆ. ಮನೆಯ 32 ಆಂಪಿಯರ್ ಚಾರ್ಜರಿನಲ್ಲಿ 0.5 ಮಿಲಿಓಮ್‌ಗೂ ಅರ್ಧ ವ್ಯಾಟಷ್ಟೇ, ಅಲ್ಲಿ ಚಿಂತೆಯಿಲ್ಲ. ಹೊದಿಕೆಗೂ ಗನ್ನಿಗೂ ಎಲ್ಲ ಕಡೆ 25 ಮಿ.ಮೀ. ಗಾಳಿ ಇರಲಿ.

ಮ್ಯಾಗ್ನೆಟ್ ಹಾಕುವ ಮೊದಲು ಗಾಡಿಯ ಮೈ ಮುಟ್ಟಿ ನೋಡಿ. ಸ್ಕೂಟರಿನ ಮೈ ಪ್ಲಾಸ್ಟಿಕ್, ಕೆಲವು ಕಾರುಗಳ ಮುಂಭಾಗವೂ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ, ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ಅಂಥಲ್ಲಿ ಕೊಕ್ಕೆ ಇರುವ ಎಲಾಸ್ಟಿಕ್ ಬಳಸಿ. ಮ್ಯಾಗ್ನೆಟ್ ಹಾಕುವುದಾದರೆ ರಬ್ಬರ್ ಹೊದಿಸಿದ್ದೇ ಆಗಲಿ, ಇಲ್ಲವೆಂದರೆ ಮಧ್ಯೆ ಸಿಕ್ಕ ಮರಳಿನ ಕಾಳು ಬಣ್ಣ ಗೀರುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಮೀರಿದರೆ ಬಲ ಕಳೆದುಕೊಳ್ಳುತ್ತದೆ. ಬಾಗಿಲ ಸೆನ್ಸರಿನಿಂದ ದೂರವಿಡಿ.

ನಮ್ಮ ಮುಚ್ಚಳಕ್ಕೆ ಐಪಿ67 ಎಂದು ಮುದ್ರಿಸಬಹುದೇ?

ಪರೀಕ್ಷೆ ಮಾಡಿಸದೆ ಯಾವ ಸಂಖ್ಯೆಯನ್ನೂ ಮುದ್ರಿಸಬೇಡಿ. ಕೊನೆಯ ಅಂಕಿ 7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸುವುದು. ಕೆಳಗೆ ಸಂದಿ ಬಿಟ್ಟ ಕ್ಯಾಪ್ ಅದರಲ್ಲಿ ಪಾಸಾಗುವುದಿಲ್ಲ, ಪಾಸಾಗಬೇಕಾದ ಅಗತ್ಯವೂ ಇಲ್ಲ. ಮುಳುಗಿದ ಗಾಡಿಯನ್ನು ಮುಚ್ಚಳ ನಂಬಿ ಚಾರ್ಜ್‌ಗೆ ಹಾಕಲೇಬಾರದು.

ನಮ್ಮಲ್ಲಿ ನಿಜವಾದ ಪರೀಕ್ಷೆ ವಾಟರ್ ಸರ್ವಿಸ್ ಅಂಗಡಿಯ ಗನ್. ಐಪಿಎಕ್ಸ್5 ಪರೀಕ್ಷೆಯಲ್ಲಿ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು 2.5-3 ಮೀಟರ್ ದೂರದಿಂದ ಹೊಡೆಯುತ್ತಾರೆ. ಗಾಡಿ ತೊಳೆಯುವವರು ಅದಕ್ಕಿಂತ ಎಷ್ಟೋ ಪಟ್ಟು ಒತ್ತಡದಲ್ಲಿ ಒಂದಡಿ ದೂರದಿಂದ ಹೊಡೆಯುತ್ತಾರೆ. ಅದಕ್ಕೆ ಹೊರಗೋಡೆಯ ಎರಡು ತಿರುವಿನ ದಾರಿಯೇ ರಕ್ಷಣೆ. ನೀರಿನ ಗನ್ನನ್ನು ಪೋರ್ಟಿನ ಕಡೆ ತಿರುಗಿಸಬೇಡಿ ಎಂದು ಬಳಕೆ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಲ್ಯಾಬಿಗೆ ಕಳಿಸುವ ಮೊದಲು ನಾವೇ ಪರೀಕ್ಷಿಸುವುದು ಹೇಗೆ?

ನಿಜವಾದ ಗಾಡಿ ಬೇಡ, ಪೋರ್ಟಿನ ಆಕಾರದ ಡಮ್ಮಿ ಮಾಡಿಕೊಳ್ಳಿ. ಒಳಗೆ ಬಿಳಿ ಕಾಗದದ ಮೇಲೆ ಇಂಕ್ ಪೆನ್ನಿನಿಂದ ಅರ್ಧ ಸೆಂಟಿಮೀಟರಿಗೊಂದು ಗೀಟು ಎಳೆದು ಇಡಿ, ಬಾಲ್ ಪೆನ್ ಬೇಡ. ಕ್ಯಾಪ್ ಮುಚ್ಚಿ ಐದು ನಿಮಿಷ ತೋಟದ ಪೈಪಿನ ಶವರಿನಿಂದ ಎಲ್ಲ ಕೋನದಲ್ಲೂ ನೀರು ಹಾಯಿಸಿ. ತೆರೆದರೆ ಎಲ್ಲಿ ಶಾಯಿ ಹರಡಿದೆಯೋ ಅಲ್ಲಿಂದ ನೀರು ಬಂದಿದೆ.

ಎರಡನೆಯದು ಉಸಿರಿನ ಪರೀಕ್ಷೆ. ಕ್ಯಾಪ್ ಮುಚ್ಚಿದ ಡಮ್ಮಿಯನ್ನು 60 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ, ತೆಗೆದ ತಕ್ಷಣ ತಣ್ಣೀರು ಸುರಿಯಿರಿ. ಶವರಿನಲ್ಲಿ ಪಾಸಾದ ಬಿಗಿ ಕ್ಯಾಪ್‌ಗಳು ಸೋಲುವುದು ಇಲ್ಲಿಯೇ. ಹತ್ತು ಸಲ ಮಾಡಿ, ಪ್ರತಿ ಸಲ ಕಾಗದವನ್ನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ.

ಧೂಳಿಗೆ ಟಾಲ್ಕಂ ಪುಡಿ ಹಾಕಿದ ಮುಚ್ಚಿದ ಪೆಟ್ಟಿಗೆಯೊಳಗೆ ಡಮ್ಮಿ ಇಟ್ಟು ಸಣ್ಣ ಫ್ಯಾನ್ ಓಡಿಸಿ.

ಮಾದರಿ ತುಂಡು 3ಡಿ ಪ್ರಿಂಟಿನಲ್ಲಿ ಮಾಡಬಹುದೇ? ಅಚ್ಚು ಯಾವಾಗ?

ಕೂರುತ್ತದೋ ಇಲ್ಲವೋ ನೋಡಲು ಟಿಪಿಯು (ರಬ್ಬರಿನಂತೆ ಬಗ್ಗುವ ಪ್ಲಾಸ್ಟಿಕ್) ಪ್ರಿಂಟ್ ಸಾಕು. 3ಡಿ ಪ್ರಿಂಟಿನ ಸಾಮಾನ್ಯ ಪ್ಲಾಸ್ಟಿಕ್ಕಾದ ಪಿಎಲ್ಎ ಗಾಡಿಯ ಮೇಲೆ ಬಿಡಬೇಡಿ, 60 ಡಿಗ್ರಿ ಹತ್ತಿರ ಮೆತ್ತಗಾಗಿ ಸೊಟ್ಟಗಾಗುತ್ತದೆ. ಪ್ರಿಂಟಿನ ಪದರಗಳ ನಡುವೆ ನೀರು ಜಿನುಗುವುದರಿಂದ ನೀರಿನ ಪರೀಕ್ಷೆಗೆ ಆ ತುಂಡು ಲೆಕ್ಕಕ್ಕಿಲ್ಲ. ಇಪ್ಪತ್ತು ಪೀಸ್ ಬೇಕಿದ್ದರೆ ಸಿಲಿಕೋನ್ ಅಚ್ಚಿನಲ್ಲಿ ಪಾಲಿಯುರೇಥೇನ್ ಸುರಿಸಿ. ಒಂದು ಅಚ್ಚು 15-25 ತುಂಡಿಗೆ ಬರುತ್ತದೆ.

ಕಬ್ಬಿಣದ ಅಚ್ಚಿಗೆ ಹೋಗುವಾಗ ಕುಗ್ಗುವಿಕೆ ಮರೆಯಬೇಡಿ: ಸಿಲಿಕೋನ್ 2-3 ಶೇಕಡಾ, ಇಪಿಡಿಎಂ ಸುಮಾರು 1.5-2. ಇಪಿಡಿಎಂಗೆ ಮಾಡಿದ ಅಚ್ಚಿನಲ್ಲಿ ಸಿಲಿಕೋನ್ ಒತ್ತಿದರೆ 65 ಮಿ.ಮೀ. ತುಂಡು ಅರ್ಧದಿಂದ ಮುಕ್ಕಾಲು ಮಿ.ಮೀ. ಚಿಕ್ಕದಾಗಿ ತುಟಿ ಕೂರುವುದೇ ಇಲ್ಲ. ಪೀಣ್ಯದಲ್ಲಿ ರಬ್ಬರ್ ಒತ್ತುವ ಸಣ್ಣ ಘಟಕಗಳಿವೆ. ಅಚ್ಚಿನ ಕೆಲಸಕ್ಕೆ ರಾಜ್ಯ ಸರ್ಕಾರದ ಉಪಕರಣ ಮತ್ತು ತರಬೇತಿ ಕೇಂದ್ರಗಳನ್ನೂ (ಜಿಟಿಟಿಸಿ), ಪ್ಲಾಸ್ಟಿಕ್ ಪರೀಕ್ಷೆಗೆ ಕೇಂದ್ರದ ಪ್ಲಾಸ್ಟಿಕ್ ಸಂಸ್ಥೆಯಾದ ಮೈಸೂರಿನ ಸಿಪೆಟ್ ಅನ್ನೂ ವಿಚಾರಿಸಬಹುದು.

ತುಟಿಗೆ ಗ್ರೀಸ್ ಹಚ್ಚಬೇಕೇ?

ಇಪಿಡಿಎಂಗೆ ಸಿಲಿಕೋನ್ ಗ್ರೀಸ್, ಬೆರಳ ತುದಿಯಲ್ಲಿ ತೆಳುವಾಗಿ, ಹೊರ ತುಟಿಗೆ ಮಾತ್ರ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಬೇಡ. ಸಿಲಿಕೋನ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದೂ ಊದುತ್ತದೆ, ಅದಕ್ಕೆ ಏನೂ ಹಚ್ಚದಿರುವುದೇ ಸರಿ. ಪಿನ್ನುಗಳಿಗೆ ಯಾವ ಗ್ರೀಸೂ, ಯಾವ ಸ್ಪ್ರೇಯೂ ತಾಗಬಾರದು.

ಹುಳ, ಇರುವೆ, ಇಲಿ?

ಬಹಳ ದಿನ ನಿಲ್ಲಿಸಿದ ಗಾಡಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದು ಇಂಥ ತೂತುಗಳಲ್ಲೇ. ನೀರಿಳಿಯುವ ದಾರಿ ಅದರಿಂದ ಪೂರ್ತಿ ಕಟ್ಟಿಹೋಗುತ್ತದೆ. 5 ಮಿ.ಮೀ. ದುಂಡು ತೂತಿಗಿಂತ 3 ಮಿ.ಮೀ. ಸೀಳು ಈ ದೃಷ್ಟಿಯಿಂದ ವಾಸಿ. ಜಾಲರಿ ಹಾಕಬೇಡಿ, ಕೆಸರು ಹಿಡಿದು ಮುಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ, ಗಾಡಿ ಆಫ್ ಮಾಡಿ ಗನ್ ಕಿತ್ತ ಮೇಲೆ, ಮುಚ್ಚಳದ ಸಂದಿಯನ್ನು ಒಣ ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಪಿನ್ನುಗಳ ಕಡೆ ಬ್ರಷ್ ಹಾಕಬೇಡಿ. ಇಲಿ ಕಾಟವಿರುವ ಕೊಟ್ಟಿಗೆ, ಗೋದಾಮಿನಲ್ಲಿ ಮೆತ್ತನೆ ರಬ್ಬರ್ ಉಳಿಯುವುದಿಲ್ಲ. ಅಲ್ಲಿಗೆ ಎಎಸ್ಎ ಹೊರಕವಚದೊಳಗೆ ರಬ್ಬರ್ ತುಟಿ ಅಡಗಿರುವ ಮಾದರಿ ಕೊಡಿ, ಹಲ್ಲು ಹಾಕಲು ರಬ್ಬರಿನ ಒಂದು ಅಂಚೂ ಹೊರಗೆ ಕಾಣದಂತೆ.